ಕೆಂಚನ ಮೈಗೆ ಬಳಿದ ಆಯಿಲು

"ಮುಟ್ಟಬ್ಯಾಡಿ ಅದನ್ನ."

ಪವಿತ್ರಳ ದನಿಗೆ, ಹಿತ್ತಲಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ತಲೆಯೆತ್ತಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೊಣಕೈವರೆಗೂ ಕಪ್ಪು ಎಣ್ಣೆ. ಅವನ ಮಂಡಿಗಳ ನಡುವೆ ಅವಳ ನಾಯಿ ಕೆಂಚ ಬೆನ್ನೆಲ್ಲ ಕಪ್ಪಾಗಿ ನಡುಗುತ್ತಿತ್ತು. ಪಕ್ಕದಲ್ಲಿ ಟ್ರಾಕ್ಟರಿನ ಸುಟ್ಟ ಆಯಿಲಿನ ಡಬ್ಬ.

ಅವಳನ್ನು ನೋಡಲು ತೊಣ್ಣೂರಿನಿಂದ ಬಿಂಡಿಗನವಿಲೆಗೆ ಬಂದಿದ್ದ ಗಂಡು ಇವನೇ. ಹಸು ಸಾಕಿ ಡೈರಿಗೆ ಹಾಲು ಹಾಕುವ ದಿಲೀಪ್. ಕೈ ತೊಳೆದು ಬರ್ತೀನಿ ಎಂದು ಎದ್ದುಬಂದವನು ಇಲ್ಲಿ ಮಾಡುತ್ತಿದ್ದುದು ಇದನ್ನೇ?

"ಕಜ್ಜಿಗೆ ಸುಟ್ಟ ಆಯಿಲು ಬಳೀರಿ ಅಂತ ನಿಮ್ಮೂರಲ್ಲೂ ಯೋಳಿಕೊಟ್ಟವ್ರಾ? ಅದನ್ನ ನೆಕ್ಕಿ ನೆಕ್ಕಿ ಪಕ್ಕದ ಮನೆ ನಾಯಿ ಸತ್ತೋಯ್ತು, ಗೊತ್ತಾ?"

ಅವನು ಬಾಯಿ ತೆರೆದ. ಆಮೇಲೆ ಅವನ ಕಣ್ಣು ಅವಳ ಹೆಗಲಾಚೆ, ಬಾಗಿಲ ಕಡೆ ಹೋಯಿತು. ಅಲ್ಲಿ ಅಜ್ಜಿ ಪುಟ್ಟತಾಯಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು.

"ತಪ್ಪಾಯ್ತು," ಎಂದ ಅವನು. ಅಷ್ಟೇ.

ತಪ್ಪಾಯ್ತಂತೆ... ಎಷ್ಟು ಸಲೀಸು!

ಕೆಂಚನಿಗೆ ಈ ತುರಿಕೆ ಹೊಸದಲ್ಲ. ಗೋಡೆಗೆ, ಜಾಲಿಮರಕ್ಕೆ ಮೈ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿತ್ತು. ದನದ ಆಸ್ಪತ್ರೆಯ ಮಾತ್ರೆ ಕೊಟ್ಟರೆ ಉದುರಿದ ಕೂದಲು ಮತ್ತೆ ಬರುತ್ತಿತ್ತು. ಕೂದಲು ಬಂತಲ್ಲ ಎಂದು ಮಾತ್ರೆ ನಿಲ್ಲಿಸಿದರೆ, ಮತ್ತೆ ಶುರು. ತಂದೆತಾಯಿಯಿಲ್ಲದ ಅವಳನ್ನು ಸಾಕಿದ ಸೋದರಮಾವ ಕೆಂಪಣ್ಣ ನಿನ್ನೆಯೇ ಹೇಳಿದ್ದ: "ಕುರಿಗೂ ಅಂಟಿಸ್ತದೆ ಅದು. ಗಂಡಿನೋರು ಬಂದೋಗ್ಲಿ, ಕೆ.ಆರ್. ಪೇಟೆ ಕಡೆ ಬುಟ್ಟುಬತ್ತೀನಿ."

ಹಟ್ಟಿಗೆ ಚಿರತೆ ನುಗ್ಗಿದಾಗ ಅಡ್ಡ ನಿಂತು ಕಿವಿ ಹರಿಸಿಕೊಂಡ ನಾಯಿ. ಅದನ್ನು ಬಿಟ್ಟುಬರುವುದೇ?

ಪವಿತ್ರ ನೇರ ನಡುಮನೆಗೆ ಹೋದಳು.

"ಈ ಸಂಬಂಧ ನಂಗೆ ಬ್ಯಾಡ."

ದಿಲೀಪನ ತಾಯಿಯ ಕೈಯಲ್ಲಿದ್ದ ಉಪ್ಪಿಟ್ಟಿನ ಚಮಚ ಬಾಯಿಗೆ ಹೋಗದೆ ನಿಂತಿತು.

"ಲೇ, ಒಂದು ನಾಯಿಗೋಸ್ಕರ ಸಂಬಂಧ ಬುಡ್ತೀಯಾ?" ಕೆಂಪಣ್ಣ ಎದ್ದು ನಿಂತ. "ಊರೋರು ಏನಂದಾರು?"

"ಏನಾದ್ರೂ ಅನ್ಲಿ ಮಾವ. ಊರೋರ ಕುರಿನೂ ಕಾದಿರೋದು ಇದೇ ನಾಯಿ. ಅದನ್ನ ಬುಟ್ಬರೋ ದಿನ ನನ್ನೂ ಅದರ ಜೊತೆ ಇಳಿಸ್ಬುಡು."

ಗಂಡಿನವರು ಹೊರಟುಹೋದರು.

ಕೆಂಚನ ಮೈ ತೊಳೆಯಲು ಕೂತಾಗ ಅವಳ ಕೈ ತಡೆಯಿತು. ಹೊಟ್ಟೆ, ಎದೆ, ಮುಂಗಾಲು ಆಗಲೇ ಸ್ವಚ್ಛವಾಗಿದ್ದವು. ಕಲ್ಲಿನ ಮೇಲೆ ಬಟ್ಟಲು ತುಂಬ ಕಡ್ಲೆಹಿಟ್ಟು. ನಾಯಿಯ ಕೆಳಗೆ ದಿಲೀಪನ ಹೆಗಲ ಮೇಲಿದ್ದ ಹೊಸ ಟವಲು, ಒದ್ದೆಯಾಗಿ, ಜಿಡ್ಡು ಒರೆಸಿ ಒರೆಸಿ ಕಪ್ಪಾಗಿದ್ದುದು.

ಅವನು ಬಳಿಯುತ್ತಿರಲಿಲ್ಲ. ತೆಗೆಯುತ್ತಿದ್ದ.

"ಅಜ್ಜೀ... ಕೈ ತೋರ್ಸು."

ಪುಟ್ಟತಾಯಮ್ಮ ಸೆರಗು ಬಿಚ್ಚಿದರು. ಅಂಗೈ ತುಂಬ ಕಪ್ಪು.

"ನಿಮ್ಮಾವ ಬುಟ್ಟುಬತ್ತೀನಿ ಅಂದ್ನಲ್ಲವ್ವಾ... ಬ್ಯಾಗ ವಾಸಿಯಾಗ್ಲಿ ಅಂತ ಬಳುದ್ಬುಟ್ಟೆ. ಎಲ್ರೂ ಅಂಗೇ ಮಾಡದಲ್ವಾ? ಆ ಹುಡ್ಗ ನೋಡಿ, ಸ್ವಲ್ಪ ಕಡ್ಲೆಹಿಟ್ಟು ಕೊಡಿ ಅಜ್ಜಿ, ನಾನು ತೊಳೀತೀನಿ ಅಂತ ಕೂತ್ಕೊಬುಟ್ಟ."

"ನಾನು ಬೈವಾಗ ಒಂದು ಮಾತು ಅನ್ಬಾರ್ದಾಗಿತ್ತಾ?"

"ಬಾಯಿ ಬರ್ಲಿಲ್ಲ ಕಣವ್ವ."

ಬೆಳಿಗ್ಗೆ ಅವಳು ಕೆಂಚನನ್ನು ಗೂಡ್ಸ್ ಆಟೋಗೆ ಹತ್ತಿಸುವಾಗ ಕೆಂಪಣ್ಣ ಅಡ್ಡ ಬಂದ.

"ಎಲ್ಗೆ?"

"ನಾಗಮಂಗಲದ ಆಸ್ಪತ್ರೆಗೆ. ಅಲ್ಲಿಂದ ತೊಣ್ಣೂರ್ಗೆ."

"ನೀನೇ ಬ್ಯಾಡ ಅಂದ ಗಂಡಿನ ಮನೆಗೆ ಹೆಣ್ಣೇ ಎದ್ದು ಓಗದಾ? ಮಾನ ಮರ್ವಾದಿ ಬ್ಯಾಡ್ವಾ?"

"ತಪ್ಪು ಮಾಡ್ದೋಳು ನಾನು. ಹೋಗೋಳೂ ನಾನೇ. ದಾರಿ ಬುಡು ಮಾವ."

ತೊಣ್ಣೂರು ಕೆರೆಯ ಹಾದಿಯಲ್ಲಿ ಅವನ ಕೊಟ್ಟಿಗೆ. ದಿಲೀಪ್ ಹಸುವಿನ ಮೈ ತೊಳೆಯುತ್ತಿದ್ದ. ಅವಳನ್ನು ಕಂಡು ಪೈಪು ಕೈಯಿಂದ ಜಾರಿ, ನೀರು ಅವನ ಮುಖಕ್ಕೇ ಚಿಮ್ಮಿತು.

"ಯಾಕೆ ಯೋಳ್ಲಿಲ್ಲ ನೀವು?"

ಅವನು ಮುಖ ಒರೆಸಿಕೊಂಡ. "ಯೋಳಿದ್ರೆ ಮನೆ ತುಂಬ ನೆಂಟ್ರು ಇರುವಾಗ್ಲೇ ಅಜ್ಜಿನ ಬೈತಿದ್ರಿ. ನಾನು ಹೊಸಬ, ಬೈಸ್ಕೊಂಡು ಎದ್ದೋಗ್ಬಹುದು. ಅವ್ರು ಅಲ್ಲೇ ಇರ್ಬೇಕಲ್ಲ."

ಪವಿತ್ರ ತಲೆ ತಗ್ಗಿಸಲಿಲ್ಲ.

"ನಿನ್ನೆ ಅಂದಿದ್ದು ನನ್ನ ತಪ್ಪು. ಈಗ ನಾನಾಗೇ ಕೇಳ್ತಾ ಇವ್ನಿ, ನನ್ನ ಮದುವೆ ಆಯ್ತೀರಾ? ಆದ್ರೆ ಕೆಂಚನೂ ಬತ್ತದೆ. ಇಂಗೇ, ಕೂದ್ಲು ಉದುರಿದ ಮೈಯಲ್ಲೇ. ವಾಸಿ ಮಾಡ್ಕೊಂಡು ಬಾ ಅನ್ನಂಗಿಲ್ಲ."

ಒಳಗಿನಿಂದ ತಾಯಿಯ ದನಿ ಬಂತು. "ದಿಲೀಪಾ, ಆ ಕಜ್ಜಿ ನಾಯಿನ ಕೊಟ್ಟಿಗೆಗೆ ಸೇರಿಸ್ಬುಟ್ಟೀಯಾ ಕಣಪ್ಪ."

"ಇಲ್ಲ ಕಣವ್ವ. ಜಗಲಿ ಮ್ಯಾಲೆ ಮಲಗಿಸ್ತೀನಿ."

ಪವಿತ್ರಳಿಗೆ ನಗು, ಅಳು ಒಟ್ಟಿಗೇ ಬಂದವು. ಅವನು ಬಗ್ಗಿ ಕೆಂಚನ ಹರಿದ ಕಿವಿ ಸವರಿದ.

"ಕೂದ್ಲು ಬಂದ ತಕ್ಷಣ ಮಾತ್ರೆ ನಿಲ್ಲಿಸ್ಬುಡ್ತಿದ್ರಿ, ಅಲ್ವಾ?"

"ಡಾಕ್ಟ್ರೂ ಈಗ ಅದಕ್ಕೇ ಬೈದ್ರು. ಅವ್ರು ಸಾಕು ಅನ್ನೋವರ್ಗೂ ಕೊಡ್ಬೇಕಂತೆ. ಮಲಗೋ ಗೋಣಿಚೀಲನೂ ಕುದಿಸ್ಬೇಕಂತೆ."

"ಕುದಿಸಣ ಬುಡಿ. ಹಂಡೆ ಅದೆ."

"ಒಂದು ಮಾತು ಯೋಳಿ... ಅಷ್ಟು ಬೈದ್ನಲ್ಲ, ಕೋಪ ಬರ್ಲಿಲ್ವಾ?"

"ಬಂತು. ಬಸ್ಸು ನಾಗಮಂಗಲ ದಾಟೋ ಹೊತ್ಗೆ ಹೊಂಟೋಯ್ತು." ಅವನು ಅವಳನ್ನು ನೋಡಿದ. "ನಾಯಿಗೋಸ್ಕರ ಇಷ್ಟು ಜನರ ಎದುರು ನಿಲ್ಲೋಳು... ನಂಗೂ ಅಂಗೇ ಒಬ್ರು ನಿಲ್ಬೇಕು ಅನ್ನಿಸ್ಬುಡ್ತು."

ಅವಳು ಚೀಲದಿಂದ ಅವನ ಟವಲು ತೆಗೆದಳು. "ಎಷ್ಟು ಒಗೆದ್ರೂ ಕಲೆ ಹೋಗ್ಲಿಲ್ಲ."

"ಈಗ ಬ್ಯಾಡ. ಮದುವೆಯಾಗಿ ಬರುವಾಗ ತನ್ನಿ."

"ನನ್ನ ಬಾಯಿನೂ ಜೊತೆಗೇ ಬತ್ತದೆ. ಅದಕ್ಕೆ ಯಾವ ಮಾತ್ರೆನೂ ಇಲ್ಲ."

ದಿಲೀಪ್ ನಕ್ಕ.

"ಅದು ವಾಸಿಯಾಗೋದು ಬ್ಯಾಡ."