ಗೋಡೆಗೊಂದು ಹಗುರ ಸ್ಟಿಕ್

ಊರವರೆಲ್ಲ ಅವನನ್ನು ಗೋಡೆ ಅಂತಲೇ ಕರೆಯುತ್ತಿದ್ದರು. ಅವನನ್ನು ದಾಟಿ ಚೆಂಡು ಗೋಲಿನತ್ತ ಹೋಗುವುದು ಅಪರೂಪ. ಅಂಥವನು ಆ ಮಬ್ಬು ಸಂಜೆ ಅವಳ ಆಟದ ಸಾಮಾನಿನ ಅಂಗಡಿಗೆ ಬಂದು, "ಹಗುರವಾದ ಹಾಕಿ ಸ್ಟಿಕ್ ಕೊಡಿ" ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಏನ್ರೀ, ಗೋಡೆಗೂ ಓಡೋ ಆಸೆ ಬಂತಾ?"

"ದೊಡ್ಡ ಟೀಮಿಂದ ಕರೆ ಬಂದಿದೆ. ಫಾರ್ವರ್ಡ್ ಆಡ್ಬೇಕಂತೆ, ಮುಂದೆ ಓಡಿ ಗೋಲ್ ಹೊಡೀಬೇಕು. ನಾಳೆ ಸಿಟೀಲಿ ಟ್ರಯಲ್. ಸೆಲೆಕ್ಟ್ ಆದ್ರೆ ಅಲ್ಲಿಂದ್ಲೇ ಹೊರಟು ಅವರ ಜೊತೆ ಇರ್ಬೇಕು, ಸಮುದ್ರದಾಚೆ."

ಅವಳ ನಗು ಮಾಯವಾಯಿತು. ಅಪ್ಪ ಹಾಸಿಗೆ ಹಿಡಿದ ಮೇಲೆ ಈ ಅಂಗಡಿ ಅವಳ ತಲೆಗೆ ಬಿದ್ದಿತ್ತು. ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಸ್ಟಿಕ್ಕಿನ ಹಿಡಿಗೆ ಗ್ರಿಪ್ ಸುತ್ತಿಸುವ ನೆಪದಲ್ಲಿ ಇವನು ಬಂದು ಹೋಗುವುದೊಂದೇ ಅವಳ ಸಂತೋಷ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಸ್ಟಿಕ್ಕುಗಳ ಸ್ಟ್ಯಾಂಡಿನ ಮುಂದೆ ಅವಳ ಕೈ ತಡೆದು ನಿಂತಿತು. ಭಾರದ್ದು ಕೊಟ್ಟರೆ ಮಣಿಕಟ್ಟು ತಿರುಗುವುದು ತಡವಾಗುತ್ತದೆ, ಚೆಂಡು ಕೈತಪ್ಪುತ್ತದೆ, ಅವನು ಇಲ್ಲೇ ಉಳಿಯುತ್ತಾನೆ. ಅವಳು ಭಾರದ್ದನ್ನೇ ತೆಗೆದಳು.

ಅವನು ಅದನ್ನು ಕಾಲಿನ ಪಕ್ಕ ನಿಲ್ಲಿಸಿ ನೋಡಿದ. ಸೊಂಟದ ಮೂಳೆಗೆ ಸರಿಯಾಗಿ ಬಂತು. ಬಗ್ಗಿ ನೆಲಕ್ಕೆ ತಾಗಿಸಿ, ಎಡಕ್ಕೂ ಬಲಕ್ಕೂ ತಿರುಗಿಸಿದ. ಹುಬ್ಬು ಒಂಚೂರು ಗಂಟಿಕ್ಕಿತು. ಆಮೇಲೆ ತಲೆಯೆತ್ತಿ ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡಿದ. ಅವಳು ಸುಮ್ಮನೆ ಗಲ್ಲೆಯ ಮೇಲಿನ ಧೂಳು ಒರೆಸಿದಳು.

"ಇದೇ ಸರೀನಾ?"

"ಹೂಂ."

"ನೀವು ಹೇಳಿದ್ಮೇಲೆ ಮುಗೀತು. ಪ್ಯಾಕ್ ಮಾಡಿ."

ಕವರಿನ ಜಿಪ್ ಎಳೆಯುವಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಂಥ ಪ್ರೀತಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡು, ಸ್ಟಿಕ್ ವಾಪಸ್ ತೆಗೆದಿಟ್ಟು, ಹಗುರವಾದದ್ದನ್ನು ತಂದು ಅವನ ಮುಂದಿಟ್ಟಳು.

"ಅದು ಭಾರ. ಬೇಕಂತಲೇ ಕೊಟ್ಟೆ."

"ಕೈಗೆ ತಗೊಂಡ ಕೂಡ್ಲೇ ಗೊತ್ತಾಯ್ತು."

"ಮತ್ಯಾಕ್ರೀ ಸುಮ್ನಿದ್ರಿ?"

"ನಾನು ಹೋಗೋದು ನಿಮಗಿಷ್ಟ ಇಲ್ವೇನೋ ಅಂತ... ಖುಷಿಯಾಯ್ತು. ಅದ್ರಲ್ಲೇ ಆಡಿ ಸೋತು ಬರೋಣ ಅಂದ್ಕೊಂಡೆ."

"ಸೋತು ಬಂದು ನನ್ನೆದುರು ನಿಂತ್ರೆ ನಾನು ಹೇಗ್ರೀ ನಿಮ್ಮ ಮುಖ ನೋಡ್ಲಿ?" ಅವಳು ಹಗುರದ ಸ್ಟಿಕ್ಕನ್ನು ಅವನತ್ತ ತಳ್ಳಿದಳು. "ನೀವಂದ್ರೆ ನಂಗೆ ಪ್ರಾಣ. ಅದಕ್ಕೇ ಹೇಳ್ತಿದೀನಿ, ಇದನ್ನ ತಗೊಳ್ಳಿ."

ಅವನು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಎಷ್ಟೋ ಹೊತ್ತು ಬಿಡಲಿಲ್ಲ. ಕೊನೆಗೆ ಸ್ಟಿಕ್ ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ ರೂಢಿಯಂತೆ ಅಂದ, "ಬರ್ತೀನಿ."

"ಹಾಗಂದ್ರೆ? ಹೊರಟೆ ಅಂತಾನಾ, ವಾಪಸ್ ಬರ್ತೀನಿ ಅಂತಾನಾ?"

ಅವನು ಬಾಯಿ ತೆರೆದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಅವಳೇ ಹತ್ತಿರ ಹೋಗಿ, ಅವನ ಕಾಲರ್ ಸರಿಮಾಡಿ, ಉತ್ತರಕ್ಕೆ ಕಾಯದೆ ಬಾಗಿಲು ಮುಚ್ಚಿಕೊಂಡಳು.