ವಾಪಸ್ ಬಾರದ ಕತ್ತಿ

ಆ ಶನಿವಾರ ಮೂಡಿಗೆರೆಯ ಎಸ್‌ಟಿಡಿ ಬೂತಿಗೆ ಬಂದ ಬಸವಪ್ರಸಾದ್, ಬೂತು ನೋಡಿಕೊಳ್ಳುವ ಸುಪ್ರಿಯಾಳ ಮುಖವನ್ನೇ ನೋಡಲಿಲ್ಲ. ಸೀದಾ ಗಾಜಿನ ಬಾಗಿಲು ತೆಗೆದು ಒಳಗೆ ಹೋಗಿ, ಬೆಂಗಳೂರಿನಲ್ಲಿದ್ದ ಸಾಹುಕಾರರಿಗೆ ಫೋನ್ ಹಚ್ಚಿದ. "ಮಳೆ ಗುರುವಾರ ಎಪ್ಪತ್ತು ಸೆಂಟು, ನಿನ್ನೆ ಒಂದು ಇಂಚು ಹತ್ತು ಸೆಂಟು ಸಾರ್. ಕಾಫಿ ಹೂವಿಗೆ ಸಾಕು."

ಅವನು ಬಣಕಲ್ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ, ಇಂಚು-ಸೆಂಟುಗಳಲ್ಲಿ ಮಳೆಯ ಅಳತೆ ಎಲ್ಲ ಅವನದೇ. ಹಿಂದೆಲ್ಲ ಫೋನ್ ಇಟ್ಟವನು ಗಾಜಿನ ಆಚೆಯಿಂದಲೇ ಅವಳನ್ನೊಮ್ಮೆ ನೋಡಿ, ಮೀಸೆಯಡಿ ನಗು ಬಚ್ಚಿಟ್ಟುಕೊಂಡು, "ಮೂಡಿಗೆರೆಲಿ ಎಷ್ಟು ಬಿತ್ತು ಮೇಡಂ?" ಅನ್ನುತ್ತಿದ್ದ. ಅವಳು ಬೇಕೆಂದೇ, "ಸುಮಾರಾಗಿ ಬಂತಪ್ಪ" ಅನ್ನುವಳು. "ಸುಮಾರು ಅಂತ ಮಳೆ ಇರಲ್ಲ. ಅಳೆದು ಹೇಳ್ಬೇಕು." ಇಷ್ಟೇ ಮಾತು. ಇಷ್ಟೇ ಅವಳಿಗೆ ವಾರವಿಡೀ ಸಾಕಾಗುತ್ತಿತ್ತು.

ಮೂರು ವಾರದ ಹಿಂದೆ ಅವನ ತಾಯಿ ಸಿದ್ದಗಂಗಮ್ಮ ಅವಳನ್ನು ಸೊಸೆಯಾಗಿ ಕೇಳಿಕೊಂಡು ಬಂದಿದ್ದರು. ಆಮೇಲೆ ಸುದ್ದಿಯೇ ಇಲ್ಲ. ನಾಳೆ ಭಾನುವಾರ ಮಧ್ಯಾಹ್ನದ ಊಟಕ್ಕೆ ಬೀರೂರಿನ ಸೋಮಶೇಖರಪ್ಪನವರು ಹೆಣ್ಣು ಗೊತ್ತುಮಾಡಿಕೊಳ್ಳಲು ಮಗನ ಜೊತೆ ಬರುತ್ತಾರೆ. ಎಲೆ-ಅಡಿಕೆ ಕೈ ಬದಲಾದರೆ ಮುಗಿಯಿತು. ಈ ಕಡೆಯವರಲ್ಲಿ ಎಲೆ-ಅಡಿಕೆ ಕೊಟ್ಟ ಮೇಲೆ ಬ್ರಹ್ಮ ಬಂದು ಹೇಳಿದರೂ ಮಾತು ತಪ್ಪುವಂತಿಲ್ಲ.

ಅವನು ಹೊರಟೇಬಿಟ್ಟಿದ್ದ.

"ರೈಟ್ರೇ, ನಿಂತ್ಕೊಳ್ಳಿ. ಕೇಳಿದ್ದು ಯಾಕೆ, ಸುಮ್ಮನಾಗಿದ್ದು ಯಾಕೆ? ಹೇಳಿ ಹೋಗಿ."

ಅವನ ಕಿವಿ ಕೆಂಪಾಯಿತು. "ನಾನಾ ಸುಮ್ಮನಾಗಿದ್ದು? ನಿಮಗೇ ಇಷ್ಟ ಇಲ್ವಲ್ಲ!"

"ಯಾರು ಹೇಳಿದ್ರು?"

"ನಿಮ್ಮಪ್ಪ. 'ಹುಡುಗಿ ಬಾಯಲ್ಲಿ ನಿಮ್ಮ ಹೆಸರು ಒಂದ್ಸಲಾನೂ ಬಂದಿಲ್ಲಪ್ಪ. ನಾನೇ ಹೇಳಿ ಕಳಿಸ್ತೀನಿ, ಅಲ್ಲೀವರೆಗೆ ಬರ್ಬೇಡಿ' ಅಂದ್ರು."

ಸುಪ್ರಿಯಾ ಬಿಲ್ ಪುಸ್ತಕ ಮುಚ್ಚಿಟ್ಟಳು. "ನನ್ನನ್ನ ಕೇಳಿದ್ರೆ ತಾನೆ ಹೆಸರು ಬರೋದು? ನಂಗೆ, 'ಆ ಕಡೆಯಿಂದ ಆಮೇಲೆ ಯಾರೂ ಬಂದೇ ಇಲ್ಲ ಮಗಾ' ಅಂದ್ರು."

"ಬರ್ಬೇಡಿ ಅಂದ್ರೆ ಹೆಂಗೆ ಬರೋದು ಮಾರಾಯ್ತಿ!"

ಅಪ್ಪ ಹೇಳಿದ ಎರಡು ಮಾತೂ ನಿಜ. ಒಂದರ ಪಕ್ಕ ಇನ್ನೊಂದಿಟ್ಟು ನೋಡಿದರೆ ಎಂಥಾ ಮೋಸ! ಅವಳಿಗೆ ಅಪ್ಪ ಲಿಂಗಪ್ಪನವರ ಹಾರ್ಡ್‌ವೇರ್ ಅಂಗಡಿಯ ಕತ್ತಿ ನೆನಪಾಯಿತು. ಕಾಫಿ ಗಿಡ ಸವರುವ ಹೊಸ ನಮೂನೆಯ ಕತ್ತಿ ಬಂದಾಗ, ಚೆನ್ನಾಗಿದೆಯಾ ಎಂದು ಕೇಳಿದವರಿಗೆಲ್ಲ ಲಿಂಗಪ್ಪನವರು, "ತಗೊಂಡೋರು ಒಬ್ರೂ ವಾಪಸ್ ತಂದಿಲ್ಲ" ಅನ್ನುತ್ತಿದ್ದರು. ಒಬ್ಬರೂ ತಗೊಂಡೇ ಇರಲಿಲ್ಲವಲ್ಲ, ವಾಪಸ್ ಎಲ್ಲಿಂದ ಬರಬೇಕು? ಜನ್ಮದಲ್ಲಿ ಸುಳ್ಳು ಹೇಳಿಲ್ಲ ಎಂಬ ಹೆಮ್ಮೆ ಬೇರೆ ಆ ಮಹಾರಾಯರಿಗೆ.

ಅವಳು ಹೇಳಿದ ಕತ್ತಿಯ ಕತೆ ಕೇಳಿ ಪ್ರಸಾದ್ ನಕ್ಕುಬಿಟ್ಟ. ಅವಳು ನಗಲಿಲ್ಲ.

"ನೀವೇನು ಕಮ್ಮಿನಾ? ಬಣಕಲ್‌ನಲ್ಲೂ ಬೂತ್ ಇದೆ. ಪ್ರತಿ ಶನಿವಾರ ಇಲ್ಲೀವರೆಗೆ ಯಾಕೆ ಬರ್ತೀರಿ?"

"ಇಲ್ಲಿ ಲೈನ್ ಬೇಗ ಸಿಗುತ್ತೆ..."

"ಇದೂ ಕತ್ತಿನೇ."

ಅವನು ಕೈಯಲ್ಲಿದ್ದ ಕೊಡೆಯನ್ನು ನೋಡಿದ, ರಸ್ತೆ ನೋಡಿದ, ಕೊನೆಗೆ ಅವಳ ಕಣ್ಣಿಗೆ ಕಣ್ಣು ಕೊಟ್ಟ. "ನಿಮ್ಮನ್ನ ನೋಡೋಕೆ ಬರ್ತೀನಿ. ನೀವಂದ್ರೆ ನಂಗೆ ಇಷ್ಟ. ತುಂಬಾ."

ಸುಪ್ರಿಯಾಳ ಮುಖ ಅರಳಿತು. ಆದರೂ ಬಿಡಲಿಲ್ಲ. "ಹಂಗಾದ್ರೆ ನಾಳೆ ಬೆಳಿಗ್ಗೆ ಎಂಟಕ್ಕೆ ಅಮ್ಮನ ಕರ್ಕೊಂಡು ಮನೆಗೆ ಬನ್ನಿ."

"ನೋಡೋ..."

"ನೋಡೋಣ ಅಂದ್ರೆ ನೋಡಿ ಮತ್ತೆ!"

"ಎಂಟಕ್ಕೆ ಬರ್ತೀನಿ," ಅಂದ ಅವನು ಗಟ್ಟಿಯಾಗಿ.

ಮರುದಿನ ಎಂಟಕ್ಕೆ ಐದು ನಿಮಿಷವಿರುವಾಗಲೇ ತಾಯಿ, ಮಗ ಬಾಗಿಲಲ್ಲಿದ್ದರು. ಲಿಂಗಪ್ಪನವರು ಒಂದು ಗಳಿಗೆ ತಬ್ಬಿಬ್ಬಾದರೂ ಸುಧಾರಿಸಿಕೊಂಡರು. "ಬನ್ನಿ ಬನ್ನಿ, ಒಳ್ಳೇದಾಯ್ತು. ಎಲ್ಲದಕ್ಕೂ ಕಾಲ ಕೂಡಿಬರ್ಬೇಕು ನೋಡಿ, ನಾನೂ ನಿಮ್ಮನ್ನೇ ನೆನೆಸ್ಕೊಳ್ತಿದ್ದೆ..."

ಅಷ್ಟರಲ್ಲಿ ಸುಪ್ರಿಯಾ ಒಳಗಿನಿಂದ ಬೆಳ್ಳಿ ತಟ್ಟೆ ತಂದು ಅಪ್ಪನ ಮುಂದಿಟ್ಟಳು. ಬೀರೂರಿನವರಿಗೆಂದು ಅವಳ ತಾಯಿ ಶಾಂತಕುಮಾರಿ ಜೋಡಿಸಿಟ್ಟಿದ್ದ ಎಲೆ-ಅಡಿಕೆ. ಅವಳ ದನಿ ಗಟ್ಟಿಯಾಗಿತ್ತು.

"ಅಪ್ಪಾಜಿ, ಮಾತು ಬೇಡ. ಮಾತಲ್ಲಿ ನಿಮ್ಮನ್ನ ಗೆಲ್ಲೋಕೆ ನನ್ನ ಕೈಲಾಗಲ್ಲ. ನಂಗೆ ಇವರೇ ಬೇಕು. ಒಪ್ಪಿಗೆಯಾದ್ರೆ ಇದನ್ನ ಅವರ ಕೈಗೆ ಕೊಡಿ. ಇಲ್ಲಾಂದ್ರೆ ತಟ್ಟೆ ಮಗುಚಿ. ಆದ್ರೆ ಬೀರೂರಿನೋರ ಮುಂದೆ ನಾನು ಬರಲ್ಲ."

"ನಾನೇನಮ್ಮ ಸುಳ್ಳು ಹೇಳಿದ್ನಾ?"

"ಇಲ್ಲ. ಹೇಳಿದ್ರೆ ಹಿಡೀಬಹುದಿತ್ತು. ನಿಜ ಹೇಳ್ಕೊಂಡೇ ನನ್ನನ್ನ ಮೂರು ವಾರ ಅಳಿಸಿದ್ರಿ."

ಲಿಂಗಪ್ಪನವರು ಸಹಾಯಕ್ಕೆಂದು ಹೆಂಡತಿಯ ಕಡೆ ತಿರುಗಿದರು. ಶಾಂತಕುಮಾರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು. "ನನ್ನ ಕಡೆ ಏನು ನೋಡ್ತೀರಿ? ಮನೆ ಮುಂದೇನೇ ಬಸ್ಸು ಹೋಗುತ್ತೆ ಅಂತ ನಮ್ಮಪ್ಪನಿಗೆ ಹೇಳಿ ನನ್ನ ಕಟ್ಕೊಂಡ್ರಿ. ಹೋಗ್ತಿತ್ತು, ನಿಲ್ತಾ ಇರ್ಲಿಲ್ಲ. ಇಪ್ಪತ್ತೈದು ವರ್ಷ ಆಯ್ತು, ನಾನಿನ್ನೂ ಮರೆತಿಲ್ಲ."

ಸಿದ್ದಗಂಗಮ್ಮನವರು ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟರು. ಲಿಂಗಪ್ಪನವರು ಮಾತ್ರ ಮಗಳ ಕಣ್ಣನ್ನೇ ನೋಡುತ್ತಿದ್ದರು. ಊದಿಕೊಂಡಿದ್ದ ಆ ಕಣ್ಣು ಅವರಿಗೆ ಇವತ್ತೇ ಕಂಡಿದ್ದು.

"ಕೂಲಿ ಲೆಕ್ಕ ಬರೆಯೋನ ಕೈಲಿ ನೀನು ಕಷ್ಟಪಡ್ತೀಯೇನೋ ಅಂತ ಹೆದರಿಕೆ ಆಯ್ತು ಮಗಾ. ಅದನ್ನ ಬಾಯಿಬಿಟ್ಟು ಹೇಳೋ ಧೈರ್ಯ ಬರ್ಲಿಲ್ಲ," ಅಂದರು ಮೆಲ್ಲಗೆ.

"ಈಗ ಹೇಳಿದ್ರಲ್ಲ ಅಪ್ಪಾಜಿ. ಕಷ್ಟ ಬಂದ್ರೆ ನಾವಿಬ್ರೂ ಪಡ್ತೀವಿ."

ಅವರು ತಟ್ಟೆ ಎತ್ತಿದರು.

"ತಗೊಳ್ಳಿ ಬೀಗಿತ್ತಿ," ಎಂದು ಸಿದ್ದಗಂಗಮ್ಮನವರ ಕೈಗಿಟ್ಟರು.

ಆಮೇಲೆ ಲಿಂಗಪ್ಪನವರು ಬೂತಿಗೆ ಹೋಗಿ ಬೀರೂರಿಗೆ ಫೋನ್ ಮಾಡಬೇಕಾಯಿತು. "ಸೋಮಶೇಖರಪ್ಪನೋರೆ, ಏನಾಗಿದೆ ಅಂದ್ರೆ, ಇಲ್ಲಿ ಮಳೆ ಸ್ವಲ್ಪ..." ಎಂದು ಶುರುಮಾಡಿದವರು ಗಾಜಿನ ಆಚೆ ನಿಂತಿದ್ದ ಮಗಳನ್ನು ಕಂಡು ಗಂಟಲು ಸರಿಮಾಡಿಕೊಂಡರು. "ಇಲ್ಲ ಸ್ವಾಮಿ, ಮಳೆ ಅಲ್ಲ. ಮಗಳು ಬೇರೆ ಹುಡುಗನ್ನ ಒಪ್ಪಿದ್ದಾಳೆ, ಎಲೆ-ಅಡಿಕೆ ಆಯ್ತು. ಅವಳನ್ನ ಕೇಳದೆ ನಿಮಗೆ ಮಾತು ಕೊಟ್ಟಿದ್ದು ನನ್ನ ತಪ್ಪು."

ಪ್ರಸಾದ್ ಅವಳ ಪಕ್ಕಕ್ಕೆ ಬಂದು ನಿಂತ. ಭುಜಕ್ಕೆ ಭುಜ ತಾಗಿಯೂ ತಾಗದಷ್ಟು ಹತ್ತಿರ.

"ಖುಷಿನಾ ಮೇಡಂ?"

"ಸುಮಾರಾಗಿ," ಅಂದಳು ಅವಳು ಬೇಕೆಂದೇ.

ಅವನು ಹುಬ್ಬು ಹಾರಿಸಿ ಕಾದ. ಸುಪ್ರಿಯಾ ಸುತ್ತ ನೋಡಿ, ಅವನ ಕಿರುಬೆರಳು ಹಿಡಿದುಕೊಂಡಳು.

"ತುಂಬಾ," ಅಂದಳು.