ಮೂವತ್ತಾದ ಮೇಲೂ ಸೈರನ್

"ಲೇ ಮೂವತ್ನಾಲ್ಕು, ಶುರುವಾಯ್ತು ನೋಡು ನಿನ್ನ ಸೈರನ್. ಓಡಲ್ವಾ?" ಅಣ್ಣ ಮಟಿಚ್ ಬ್ರೆಡ್ಡು ಮುರಿಯುತ್ತ ಕೇಳಿದ.

ಬ್ರಿನಾ ಎಣಿಸುತ್ತಿದ್ದಳು.

ಪ್ರತಿ ತಿಂಗಳ ಮೊದಲ ಶನಿವಾರ, ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ, ಪೊಡ್‌ಲಿಪ್ಯೆ ಊರಿನ ಸೈರನ್ ಕೂಗುತ್ತದೆ. ಅದು ಬರೀ ಟೆಸ್ಟ್. ಮೂವತ್ತು ಸೆಕೆಂಡಿಗೆ ನಿಂತುಬಿಡುತ್ತದೆ. ನಿಜವಾಗಿ ಬೆಂಕಿ ಬಿದ್ದರೆ ಮಾತ್ರ ಪೂರ್ತಿ ಒಂದು ನಿಮಿಷ. ಇಷ್ಟು ಚಿಕ್ಕ ಹಳ್ಳಿಗೆ ಸಂಬಳದ ಫೈರ್‌ನವರು ಎಲ್ಲಿಂದ ಬರಬೇಕು? ಬಡಗಿ, ಬೇಕರಿಯವನು, ಪೋಸ್ಟ್‌ಮ್ಯಾನ್, ಎಲ್ಲ ಸೇರಿ ತಾವೇ ಬೆಂಕಿ ಆರಿಸುತ್ತಾರೆ. ಬ್ರಿನಾಳ ಅಪ್ಪ ಅವರಿಗೆಲ್ಲ ಕಮಾಂಡರ್.

ಹೋದ ತಿಂಗಳು ಬ್ರಿನಾ ಗಡಿಬಿಡಿಯಲ್ಲಿ ಎಣಿಸಿ, ಮೂವತ್ನಾಲ್ಕು ಆಯಿತೆಂದು ಬೀದಿಗೆ ಓಡಿ "ಬೆಂಕಿ, ಬೆಂಕಿ" ಎಂದು ಕೂಗಿದ್ದಳು. ಪಾಪ, ಬೇಕರಿಯವನು ಕೈತುಂಬ ಹಿಟ್ಟು ಮೆತ್ತಿಕೊಂಡೇ ಓಡಿ ಬಂದಿದ್ದ. ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಅವಳ ಹೆಸರೇ ಮೂವತ್ನಾಲ್ಕು.

ಇವತ್ತು ಅವಳು ಗಡಿಬಿಡಿ ಮಾಡಲಿಲ್ಲ. ಫೈರ್‌ನವರು ನಡೆಸುವ ಮಕ್ಕಳ ತಂಡದಲ್ಲಿ ಕೈಪಂಪು ಒತ್ತುವಾಗ ಎಣಿಸುವಂತೆಯೇ, ಮೇಜಿನ ಕೆಳಗೆ ಪಾದ ತಟ್ಟುತ್ತ ಎಣಿಸಿದಳು. ಒಂದು ಒತ್ತಿಗೆ ಒಂದು ಸೆಕೆಂಡು. ಅಪ್ಪನೇ ಕಲಿಸಿದ್ದರು.

ಇಪ್ಪತ್ತೊಂಬತ್ತು. ಮೂವತ್ತು. ಸೈರನ್ ನಿಲ್ಲಲಿಲ್ಲ.

"ಅಪ್ಪ, ನಲವತ್ತಾಯ್ತು."

"ಬಂತಪ್ಪ ಮತ್ತೆ," ಮಟಿಚ್ ನಕ್ಕ.

"ಟೆಸ್ಟ್ ಅದು, ಪುಟ್ಟಿ," ಅಂದರು ಅಪ್ಪ.

"ಸೂಪ್ ಆರೋಗುತ್ತೆ, ಕುಡಿ," ಅಂದರು ಅಮ್ಮ.

ಈ ಸಲವೂ ತಪ್ಪಿದರೆ? ಶಾಲೆ ಮುಗಿಯುವವರೆಗೂ ಆ ಹೆಸರು ಬೆನ್ನು ಬಿಡುವುದಿಲ್ಲ. ಬ್ರಿನಾಗೆ ಅಳುವೇ ಬಂದಂತಾಯಿತು. ಆದರೂ ಎದ್ದಳು. ಕೂಗಲಿಲ್ಲ. ಬಾಗಿಲ ಹಿಂದಿದ್ದ ಅಪ್ಪನ ಬೂಟು ತಂದು ಅವರ ಕುರ್ಚಿಯ ಪಕ್ಕ ಇಟ್ಟಳು. ಆಗ ಸೈರನ್ ನಿಂತಿತು.

"ಅರವತ್ತು," ಅಂದಳು.

ಅಪ್ಪ ಚಮಚ ಕೆಳಗಿಟ್ಟರು. "ಪಂಪಿನ ಲೆಕ್ಕಾನಾ?"

"ಹೂಂ, ಪಂಪಿನ ಲೆಕ್ಕಾನೇ."

ಅಪ್ಪ ಒಳಗೆ ಹೋಗಿ ಚಾರ್ಜಿಗಿಟ್ಟಿದ್ದ ಫೋನ್ ನೋಡಿದರು. ಮೂರು ಮಿಸ್ಡ್ ಕಾಲ್, ಒಂದು ಮೆಸೇಜ್.

"ಟೊಂಚ್ಕಾ ಅಜ್ಜಿಯ ಹುಲ್ಲಿನ ಅಟ್ಟ." ಅಪ್ಪ ಬೂಟಿಗೆ ಕಾಲು ತೂರಿಸಿದರು. "ಕೆಳಗೇ ಹಸು ಕಟ್ಟಿರ್ತಾರೆ. ಊರೆಲ್ಲ ಟೆಸ್ಟ್ ಅಂದ್ಕೊಂಡು ಊಟಕ್ಕೆ ಕೂತಿದೆ. ನಾನೊಬ್ಬನೇ ಹೋಗಿ ಏನ್ ಮಾಡ್ಲಿ? ಬ್ರಿನಾ, ಚರ್ಚಿಗೆ ಓಡು. ಗಂಟೇನ ಒಂದೇ ಮಗ್ಗುಲಿಗೆ ಹೊಡಿ."

ಸೈರನ್ ಇಲ್ಲದ ಕಾಲದಲ್ಲಿ ಬೆಂಕಿ ಬಿದ್ದರೆ ಹಾಗೆಯೇ ಬಾರಿಸುತ್ತಿದ್ದರು. ಪ್ರಾರ್ಥನೆಗಾದರೆ ಗಂಟೆ ಎರಡೂ ಮಗ್ಗುಲಿಗೆ ತೂಗಿ ಹಾಡುತ್ತದೆ. ಬೆಂಕಿಗೆ ಒಂದೇ ಮಗ್ಗುಲು, ಒಂದೇ ಕರ್ಕಶ ಸದ್ದು.

ಬ್ರಿನಾ ಗಂಟೆಯ ನಾಲಿಗೆಗೆ ಕಟ್ಟಿದ ಹಗ್ಗ ಹಿಡಿದು ಜಗ್ಗಿದಳು. ಡಣ್. ಡಣ್. ಡಣ್. ಅಂಗೈ ಉರಿಯಿತು. ಅವಳು ಬಿಡಲಿಲ್ಲ. ತೆರೆದ ಬಾಗಿಲಿನಿಂದ ಬೀದಿ ಕಾಣುತ್ತಿತ್ತು. ಒಂದೊಂದೇ ಮನೆಯಿಂದ ಜನ ಹೊರಬಂದರು. ಬೇಕರಿಯವನು ಕೊರಳಿಗೆ ಸಿಕ್ಕಿಸಿದ್ದ ಊಟದ ಬಟ್ಟೆಯ ಸಮೇತ ಓಡುತ್ತಿದ್ದ. ಫೈರ್ ಎಂಜಿನ್ ಹೊರಟ ಸದ್ದು ಕೇಳಿದ ಮೇಲೆಯೇ ಅವಳು ಹಗ್ಗ ಬಿಟ್ಟದ್ದು.

ಟೊಂಚ್ಕಾ ಅಜ್ಜಿಯ ಅಟ್ಟ ಅರ್ಧ ಸುಟ್ಟುಹೋಯಿತು. ಎರಡು ಹಸುಗಳೂ ಉಳಿದವು.

ಮುಂದಿನ ತಿಂಗಳ ಮೊದಲ ಶನಿವಾರ ಮತ್ತೆ ಸೈರನ್ ಕೂಗಿತು. ಬ್ರಿನಾ ಪಾದ ತಟ್ಟತೊಡಗಿದಳು. ಮೇಜಿನ ಕೆಳಗೆ ಇನ್ನೂ ಏನೋ ಸದ್ದಾಗುತ್ತಿತ್ತು. ಬಗ್ಗಿ ನೋಡಿದಳು. ಅಪ್ಪನ ಪಾದ, ಅಮ್ಮನ ಪಾದ, ಮಟಿಚ್‌ನದೂ. ಒಬ್ಬರೂ ಚಮಚ ಮುಟ್ಟಿರಲಿಲ್ಲ.

ಮೂವತ್ತಕ್ಕೆ ಸೈರನ್ ನಿಂತಿತು. ಅಪ್ಪ ಉಸಿರು ಬಿಟ್ಟು ಸೂಪಿಗೆ ಚಮಚ ಹಾಕಿದರು.

"ಬ್ರೆಡ್ಡು ಕೊಡು, ಬ್ರಿನಾ," ಅಂದ ಮಟಿಚ್.

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ದೊಡ್ಡ ತುಂಡನ್ನೇ ಆರಿಸಿ ಕೊಟ್ಟಳು.